ಹೆಸರೊಂದನ್ನು ಬಿಟ್ಟು

ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರ ಕೈಯಿಂದ ಯಡವಟ್ಟುಗಳು ಆಗುತ್ತಲೇ ಇರುತ್ತವೆ. ನನ್ನ ಕೈಯಿಂದ ಸ್ವಲ್ಪ ಜಾಸ್ತಿಯೇ ಆಗಿವೆ. ಕೊರೊನಾ ಕಾಲದಲ್ಲಿ ನಾನು ಒಂದು ತಾಲ್ಲೂಕಿನ ಆರೋಗ್ಯ ಕಚೇರಿಯಲ್ಲಿ ಗುತ್ತಿಗೆ ಮೇಲೆ ಡಾಟಾ ಎಂಟ್ರಿ ಆಪರೇಟರ್ ಆಗಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಯಾವುದು ಎಂದು ಮಾತ್ರ ಕೇಳಬೇಡಿ. ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಬಹಳ ತಡವಾಗಿ ಕಲಿತವಳು.

೧. ಮೊದಲ ಪಟ್ಟಿ

ದಿನಾ ಬೆಳಿಗ್ಗೆ ಹೊಸದಾಗಿ ಪಾಸಿಟಿವ್ ಬಂದವರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚುವುದು, ಊರಿನ ವಾಟ್ಸಾಪ್ ಗುಂಪುಗಳಿಗೆ ಬಿಡುವುದು ನನ್ನ ಕೆಲಸ. ಜನರಿಗೆ ಮಾಹಿತಿಯೂ ಸಿಗಬೇಕು, ರೋಗಿಯ ಗುಟ್ಟೂ ಉಳಿಯಬೇಕು. ಇದಕ್ಕೆ ನಮ್ಮ ವೈದ್ಯಾಧಿಕಾರಿ ಸಾಹೇಬರು ಸುಲಭದ ದಾರಿ ಹೇಳಿದರು: "ಎಲ್ಲಾ ಹಾಕವ್ವ, ಹೆಸರೊಂದು ಬಿಟ್ಟು."

ಹಾಗೇ ಮಾಡಿದೆ. "ಹೆಣ್ಣು, ೪೮, ಟೇಲರ್, ಬಸವಣ್ಣನ ಗುಡಿ ಓಣಿ" ಎಂದು ಟೈಪು ಮಾಡಿ, ಹೆಸರು ಅಳಿಸಿ, ದೊಡ್ಡ ಗುಟ್ಟು ಕಾಪಾಡಿದವಳಂತೆ ಚಹಾ ಕುಡಿದೆ.

ಅರ್ಧ ಗಂಟೆಯೊಳಗೆ ಹಾಲಿನವನು ಕ್ಯಾನು ಹಿಡಿದು ಕಿಟಕಿಗೆ ಬಂದ. "ಮೇಡಂ, ಹೆಸರು ಯಾಕ ಹಾಕಿಲ್ರಿ?"

"ಹಾಕೋ ಹಂಗಿಲ್ಲಪ್ಪ. ಯಾರು ಅಂತ ಗೊತ್ತಾಗಬಾರದು."

"ಯಾರು ಅಂತ ಊರಿಗೆಲ್ಲ ಗೊತ್ತಾಗೈತಿ ಬಿಡ್ರಿ, ನಮ್ಮ ಟೇಲರ್ ಅಕ್ಕ. ಇಪ್ಪತ್ತು ವರ್ಷ ಆತು, ಆಕಿ ಹೆಸರು ಏನಂತ ಒಬ್ರಿಗೂ ಗೊತ್ತಿಲ್ಲ. ನಿಮ್ಮ ಪಟ್ಟಿಯಿಂದಾದ್ರೂ ಗೊತ್ತಾಗಬಹುದು ಅಂತ ಓಡಿ ಬಂದೆ!"

೨. ವಯಸ್ಸು

ಆ ಮಧ್ಯಾಹ್ನವೇ ಟೇಲರ್ ಅಕ್ಕನ ಮನೆಯಿಂದ ಹೆಂಗಸರು ಹೊಲಿಯಲು ಕೊಟ್ಟ ಬ್ಲೌಸ್ ಪೀಸುಗಳನ್ನು ಕೋಲಿನಲ್ಲಿ ಎತ್ತಿಕೊಂಡು ಹೋದರು ಎಂದು ಕೇಳಿದೆ. ಅಕ್ಕನಿಗೆ ಗಂಡನಿಲ್ಲ, ಹೊಲಿಗೆಯೊಂದೇ ಜೀವನ. ಸಾಹೇಬರ ಬಳಿ ಓಡಿ, ಉದ್ಯೋಗದ ಕಾಲಂ ತೆಗೆಸಿದೆ. ಮರುದಿನ ಬರೀ ವಯಸ್ಸು ಮತ್ತು ಓಣಿ: "ಹೆಣ್ಣು, ೪೫, ಕೋಟೆ ಓಣಿ."

ಹತ್ತು ಗಂಟೆಗೆ ಕೋಟೆ ಓಣಿಯ ಅಂಗನವಾಡಿ ಟೀಚರ್ ಆಧಾರ್ ಕಾರ್ಡು ಹಿಡಿದು ಬಂದರು. "ಮೇಡಂ, ನನ್ನ ಮನಿ ಮುಂದ ಬ್ಲೀಚಿಂಗ್ ಪುಡಿ ಉಗ್ಗಿ ಹೋಗ್ಯಾರ. ಅದು ನಾನಲ್ಲರಿ! ನನಗ ಐವತ್ತೆರಡು!"

"ಮತ್ತ ಮಂದಿ ನಿಮ್ಮ ಮ್ಯಾಲೆ ಯಾಕ ಅನುಮಾನ ಪಟ್ರು?"

ಟೀಚರ್ ದನಿ ತಗ್ಗಿಸಿದರು. "ಏಳು ವರ್ಷದಿಂದ ನಲವತ್ತೈದು ಅಂತ ನಾನ ಹೇಳಿಕೋತ ಬಂದೀನ್ರಿ." ಆಮೇಲೆ ಜೋರಾಗಿ, "ನಿಮ್ಮ ಮೈಕಿನ ಆಟೋ ಐತಲ್ಲ, ಅದರಾಗ ಕೂಗಸ್ರಿ, ಟೀಚರಿಗೆ ಐವತ್ತೆರಡು ಆಗ್ಯಾವು ಅಂತ!"

ಕೂಗಿಸಿದೆವು. ಅವರ ಯಜಮಾನರು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡು, "ನನಗೂ ಈಗ ಗೊತ್ತಾತು ನೋಡ್ರಿ" ಅಂದರಂತೆ.

೩. ಪಟ್ಟಿಯೇ ಬೇಡ

ಸಾಹೇಬರು ರೋಸಿ ಹೋಗಿ ಪಟ್ಟಿಯನ್ನೇ ನಿಲ್ಲಿಸಿದರು. ನನಗೂ ಹಾಯೆನಿಸಿತು. ಎರಡೇ ದಿನ. ಬೋರ್ಡು ಖಾಲಿಯಾದ ಕೂಡಲೇ ಊರಿನ ಬಾಯಿ ತುಂಬಿತು. ಕೆಮ್ಮಿದವನು, ಸೀನಿದವನು, ಗುಡೇಕೋಟೆಗೆ ಮದುವೆಗೆ ಹೋಗಿ ಬಂದವನು, ಎಲ್ಲರೂ ರೋಗಿಗಳೇ ಆದರು.

ಮೂರನೆಯ ಬೆಳಿಗ್ಗೆ ಹಾಲಿನವನು ಮತ್ತೆ ಕಿಟಕಿಗೆ ಬಂದ. "ಮೇಡಂ, ಪಟ್ಟಿ ಇದ್ದಾಗ ಊರಾಗ ಬರೇ ಮೂರು ಮಂದಿಗೆ ಇತ್ತು. ನೀವು ಮುಚ್ಚಿಟ್ಟ ಮ್ಯಾಲೆ ಮೂವತ್ತು ಮಂದಿಗೆ ಬಂದೈತಿ. ಲಗೂನ ಪಟ್ಟಿ ಹಚ್ಚಿ ಕಡಿಮಿ ಮಾಡ್ರಿ!"

೪. ಗುಣಮುಖ

ಕೊನೆಗೆ ಯಾವ ಓಣಿಯಲ್ಲಿ ಎಷ್ಟು ಜನ ಎಂಬುದನ್ನಷ್ಟೇ ಹಾಕತೊಡಗಿದೆವು. ಊರಿಗೆ ಬೇಕಾದದ್ದೂ ಅಷ್ಟೇ ಆಗಿತ್ತು. ಮೊದಲ ದಿನವೇ ಇಷ್ಟು ಬುದ್ಧಿ ಯಾಕೆ ಬರಲಿಲ್ಲವೋ ಎಂದು ಇವತ್ತಿಗೂ ಹಳಹಳಿಸುತ್ತೇನೆ.

ಅಷ್ಟರಲ್ಲಿ ಟೇಲರ್ ಅಕ್ಕ ಕೊರೊನಾ ಆರೈಕೆ ಕೇಂದ್ರದಿಂದ ಹುಷಾರಾಗಿ ಬಂದಳು. ನೆಟ್ಟಗೆ ನನ್ನ ಕಿಟಕಿಗೇ ಬಂದು, "ಬ್ಯಾನಿ ಬಂದಾಗ ಬೋರ್ಡಿಗೆ ಹಚ್ಚಿದ್ರಿ. ಈಗ ಆರಾಮ ಆಗೀನಿ, ಅದನ್ನೂ ಹಚ್ರಿ. ಒಬ್ರೂ ಹೊಲಿಯಾಕ ಅರಿವಿ ಕೊಡವಲ್ರು," ಎಂದಳು.

ನ್ಯಾಯವಾದ ಮಾತು. ಸಾಹೇಬರ ಬಳಿ ಹೋದೆ. ಅವರು ಕನ್ನಡಕ ತೆಗೆದು, "ಗುಣ ಆದದ್ದು ರೋಗಿಯ ಖಾಸಗಿ ವಿಷಯ. ಹಾಕಂಗಿಲ್ಲ," ಎಂದರು.

"ಸಾರ್, ಆಕಿನೇ ಹಾಕ್ರಿ ಅಂತಾಳ."

"ಆಕಿ ಅಂದ್ರೂ ಹಾಕಂಗಿಲ್ಲ. ಆಕಿ ಗುಟ್ಟು ಕಾಪಾಡೋದು ನಮ್ಮ ಧರ್ಮ."

ನನಗೆ ಸಿಟ್ಟು ಬಂತು. ನಾನೇ ಒಂದು ಹಾಳೆಯ ಮೇಲೆ "ಹೆಣ್ಣು, ೪೮, ಟೇಲರ್, ಬಸವಣ್ಣನ ಗುಡಿ ಓಣಿ, ಸಂಪೂರ್ಣ ಗುಣಮುಖ" ಎಂದು ಬರೆದು ಹಚ್ಚಿಬಿಟ್ಟೆ. ಹಾಲಿನವನು ಆರು ಅಡಿ ದೂರ ನಿಂತು, ಕೊನೆಯ ಎರಡು ಪದದವರೆಗೆ ಓದುವ ತಾಳ್ಮೆಯಿಲ್ಲದೆ, ಕ್ಯಾನು ಎತ್ತಿಕೊಂಡು ಹೊರಟ. ನಾನು ಕೂಗಿದರೂ ನಿಲ್ಲಲಿಲ್ಲ. ಹಾಲು ಹಾಕಿದ ಪ್ರತಿ ಮನೆಯಲ್ಲೂ ಹೇಳಿದನಂತೆ: "ಪಾಪ, ಟೇಲರ್ ಅಕ್ಕಗ ಎರಡನೇ ಸಲ ಬಂತಂತ!"

೫. ಅಳತೆ

ಕೊರೊನಾ ಹೋಯಿತು, ನನ್ನ ಗುತ್ತಿಗೆಯೂ ಮುಗಿಯಿತು. ಅಕ್ಕನ ಮನೆಗೆ ಬ್ಲೌಸ್ ಪೀಸು ಮಾತ್ರ ತಿರುಗಿ ಬರಲಿಲ್ಲ. ಹೆಂಗಸರು ಅಷ್ಟರಲ್ಲಿ ಬೇರೆ ಟೇಲರ್ ರೂಢಿ ಮಾಡಿಕೊಂಡಿದ್ದರು. ಅಕ್ಕ ಸೀರೆಗೆ ಫಾಲ್ ಹಚ್ಚುತ್ತ, ಹಳೆಯ ಪ್ಯಾಂಟುಗಳಿಗೆ ಜಿಪ್ ಹಾಕುತ್ತ ದಿನ ತಳ್ಳುತ್ತಿದ್ದಾಳೆಂದು ಕೇಳಿದಾಗೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ಅವಳ ಓಣಿ ತಪ್ಪಿಸಿ ಸುತ್ತಿ ಹೋಗುತ್ತಿದ್ದೆ.

ಹೋದ ವರ್ಷ ಕೋಗಳಿಯಲ್ಲಿ ನಂಟರ ಮದುವೆ ಬಂತು. ಧೈರ್ಯ ಮಾಡಿ ಬ್ಲೌಸ್ ಪೀಸು ಹಿಡಿದು ಅವಳ ಮನೆಗೇ ಹೋದೆ. ಹೊಸ್ತಿಲಲ್ಲೇ ನಿಂತು, "ಅಕ್ಕಾ, ನಿನ್ನ ಬಾಳು ಕೆಡಿಸಿದಾಕಿ ನಾನು. ತಪ್ಪಾತು," ಎಂದೆ.

ಅಕ್ಕ ಒಳಗೆ ಕರೆದು ನಿಲ್ಲಿಸಿದಳು. ಟೇಪು ತೆಗೆದು ಭುಜ, ತೋಳು, ಎದೆ, ಸೊಂಟ ಅಳೆದು, ಮೂಲೆಗಳು ಸವೆದ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಬಗ್ಗಿ ನೋಡಲು ಹೋದರೆ ಪಟ್ಟನೆ ಮುಚ್ಚಿದಳು.

"ಈ ಊರಿನ ಅಷ್ಟೂ ಹೆಣ್ಮಕ್ಕಳ ಅಳತಿ ಇದರಾಗ ಐತ್ರಿ. ಯಾರು ದಪ್ಪ ಆದ್ರು, ಯಾರು ಸೊರಗಿದ್ರು, ಯಾರು ಬಸುರಿ ಅಂತ ಅವರ ಅತ್ತಿಗಿಂತ ಮೊದಲ ನನಗ ಗೊತ್ತಾಗತಿತ್ತು. ಒಬ್ಬಾಕಿದು ಇನ್ನೊಬ್ಬಾಕಿ ಮುಂದ ಹೇಳಿಲ್ಲ. ನನ್ನ ಕಡೆ ಅರಿವಿ ಕೊಡೋದು ಬಿಟ್ರಲ್ಲ, ಅವರದೂ ಹೇಳಿಲ್ಲ."

ನನಗೆ ಅಳು ಬಂತು. ತಲೆ ತಗ್ಗಿಸಿ ನಿಂತೆ. ಅಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮದೊಂದು ಬೇಕಾದ್ರ ಬೋರ್ಡಿಗೆ ಹಚ್ಚತೀನಿ. 'ಹೆಣ್ಣು, ಆರೋಗ್ಯ ಕಚೇರ್ಯಾಗ ಕಂಪ್ಯೂಟರ್ ಮುಂದ ಕುಂತಿದ್ದಾಕಿ, ಸೊಂಟ ನಲವತ್ತೆರಡು.' ಅಂಜಬ್ಯಾಡ್ರಿ ಮೇಡಂ, ಹೆಸರು ಹಾಕಂಗಿಲ್ಲ."