ನಮ್ಮಕ್ಕ ಕೋಳಿಯಾದದ್ದು

ನಮ್ಮಕ್ಕ ಹನ್ನೊಂದು ವರ್ಷದಿಂದ ಎಲ್‌ಕೆಜಿಯಲ್ಲೇ ಇದ್ದಾಳೆ. ಫೇಲೂ ಆಗಿಲ್ಲ, ಪಾಸೂ ಆಗಿಲ್ಲ! ಜೊತೆಗೆ ಕೂತವರೆಲ್ಲ ಹೈಸ್ಕೂಲು ಸೇರಿ ಮೀಸೆ ಬಿಟ್ಟರು. ಇವಳು ಮಾತ್ರ ಇಂದಿಗೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು "ಎ ಫಾರ್ ಆಪಲ್" ಅನ್ನುತ್ತಾಳೆ. ಗಾಬರಿಯಾಗಬೇಡಿ, ಬುದ್ಧಿಗೇನೂ ಆಗಿಲ್ಲ. ನ್ಯಾಮತಿಯಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುವ ಪ್ರೈಮರಿ ಶಾಲೆಯಲ್ಲಿ ಅವಳು ಆಯಾ. ಮೂಗು ಒರೆಸುವುದು, ಚಡ್ಡಿ ಏರಿಸುವುದು, ಗಂಟೆ ಹೊಡೆಯುವುದು ಅವಳ ಕೆಲಸ. ಪಾಠ ಮಾಡುವುದು ಅವಳ ಕೆಲಸವಲ್ಲ. ಅದನ್ನು ಅವಳಿಗೆ ಹೇಳುವವರು ಯಾರು?

ಸವಳಂಗದ ಬಸ್ಸಿನಲ್ಲಿ ಒಮ್ಮೆ ಜನ ಸೀಟಿಗಾಗಿ ಕಿತ್ತಾಡುತ್ತಿದ್ದರಂತೆ. ಇವಳು ಎದ್ದು ನಿಂತು "ಫಿಂಗರ್ ಆನ್ ಯುವರ್ ಲಿಪ್ಸ್!" ಎಂದು ಗದರಿದಳು. ಕಂಡಕ್ಟರನೂ ಬಾಯಿ ಮೇಲೆ ಬೆರಳಿಟ್ಟುಕೊಂಡನಂತೆ. ಎರಡು ಸ್ಟಾಪು ಯಾರಿಗೂ ಟಿಕೆಟ್ಟಿಲ್ಲ!

ಇನ್ನು ಗಂಟೆಯ ವಿಷಯ. ಅವಳು ಗಡಿಯಾರ ನೋಡಿ ಗಂಟೆ ಹೊಡೆಯುವುದಿಲ್ಲ, ಡಬ್ಬಿ ನೋಡಿ ಹೊಡೆಯುತ್ತಾಳೆ. ಕೊನೆಯ ಮಗು ಕೊನೆಯ ತುತ್ತು ನುಂಗುವ ತನಕ ಊಟದ ಬಿಡುವು ಮುಗಿಯುವಂತಿಲ್ಲ. "ಟೈಮ್ ಆಯಿತಲ್ಲಮ್ಮಾ" ಎಂದು ಹೆಡ್ ಸಿಸ್ಟರ್ ಕೇಳಿದರೆ, "ಟೈಮಿಗೆ ಹಸಿವಾಗಾಕಿಲ್ಲ ಸಿಸ್ಟರ್, ಮಕ್ಕಳಿಗೆ ಆಗತೈತೆ" ಅನ್ನುತ್ತಾಳೆ. ಆ ಸಿಸ್ಟರಮ್ಮನ ತಾಳ್ಮೆ ದೊಡ್ಡದು. ಪ್ರಾರ್ಥನೆಯಿಂದಲೇ ಬಂದಿರಬೇಕು.

ಆ ಪ್ರಾರ್ಥನೆ ನಮ್ಮ ಮನೆಯವರೆಗೂ ಬಂತು. ಶ್ರಾವಣದ ಪೂಜೆಗೆ ಬಂದ ಅಯ್ಯನವರು ಮಂತ್ರ ಮುಗಿಸಿ ಮಂಗಳಾರತಿ ಎತ್ತಿದರು. ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ನಮ್ಮಕ್ಕ ಕೈಮುಗಿದು ಗಟ್ಟಿಯಾಗಿ "ಆಮೆನ್" ಎಂದಳು!

"ಏನವ್ವಾ ಅದು?" ಅಯ್ಯನವರು ಹೌಹಾರಿದರು.

"ಹಂಗೇ ಆಗ್ಲಿ ಅಂತ ಅಯ್ನೋರೆ. ಇಷ್ಟೊತ್ತು ಅರ್ಜಿ ಓದಿದ್ರಿ, ಕೆಳಗೆ ಒಂದು ಸಹಿ ಬ್ಯಾಡವಾ?"

ಇಷ್ಟೆಲ್ಲ ನಗುತ್ತಾ ಬರೆಯುತ್ತಿರುವ ನಾನು ಯಾರು ಎನ್ನುತ್ತೀರಾ? ಅವಳ ತಂಗಿ. ಐದನೇ ಕ್ಲಾಸಿನವರೆಗೆ ಓದಿ, ಟೈಲರಿಂಗ್ ಕಲಿತು, ಊರಿನ ದೊಡ್ಡ ಮನೆಗಳ ಜಾಕೀಟು ಹೊಲಿಯುವವಳು. ದೊಡ್ಡವರ ಅಳತೆ ತೆಗೆದೂ ತೆಗೆದೂ ನಾನೂ ದೊಡ್ಡವಳಾದೆ ಎಂದುಕೊಂಡವಳು. ನನ್ನ ಮಗಳು ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಸೀಟು ಕೊಡಿಸಿದವಳು ಅಕ್ಕನೇ.

ಒಂದು ಸಲ ತಂದೆತಾಯಿಯರ ಮೀಟಿಂಗಿನಲ್ಲಿ ಟೀಚರು "ನಿಮ್ಮ ಮಗಳು ಲೆಕ್ಕದಲ್ಲಿ ಸ್ವಲ್ಪ ಹಿಂದೆ" ಎಂದರು. ನೆಲ ಒರೆಸುತ್ತಿದ್ದ ಅಕ್ಕ ಅಲ್ಲಿಂದಲೇ ನನ್ನತ್ತ ಕೈ ತೋರಿಸಿ, "ಅದರ ತಪ್ಪಲ್ರೀ ಮಿಸ್. ಇವಳೂ ಏಳರ ಮಗ್ಗಿಗೆ ಹೆದರಿ ಕಣಜದಾಗೆ ಅಡಗಿ ಕುಂತಿದ್ಲು!" ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಆ ಸಂಜೆಯೇ ಮಗಳನ್ನು ಕೂರಿಸಿಕೊಂಡು ಒಂದು ಪಾಠ ಹೇಳಿಕೊಟ್ಟೆ: "ಸ್ಕೂಲಿನಾಗೆ ಅವಳನ್ನ ದೊಡ್ಡಮ್ಮ ಅನ್ನಬ್ಯಾಡ. ಎಲ್ಲರ ಹಂಗೆ ಆಯಾ ಆಂಟಿ ಅನ್ನು." ಲೆಕ್ಕ ಹತ್ತದ ಮಗಳಿಗೆ ಇದು ಒಂದೇ ಸಲಕ್ಕೆ ಬಾಯಿಪಾಠವಾಯಿತು. ನೋಡಿ, ನಾನೂ ಎಂಥ ಟೀಚರು! ಮರುದಿನದಿಂದ ಅಕ್ಕನೂ ಮಗಳನ್ನು "ಬೇಬಿ" ಎಂದು ಕರೆಯತೊಡಗಿದಳು.

ಈ ಸಲದ ವಾರ್ಷಿಕೋತ್ಸವಕ್ಕೆ ಬೈಬಲ್ಲಿನ ಪೇತ್ರನ ನಾಟಕ. ಹತ್ತಿಯ ಗಡ್ಡ ಅಂಟಿಸಿಕೊಂಡು ನನ್ನ ಮಗಳೇ ಪೇತ್ರ. ಅದರಲ್ಲಿ ಬರುವ ಕೋಳಿ ಕೂಗಿಗೆ ಮೊಬೈಲು ಇಡುತ್ತೇವೆಂದು ಸಿಸ್ಟರುಗಳು ಹೇಳಿದರೆ ಅಕ್ಕ ಬಿಟ್ಟಾಳೆಯೇ? "ಕೋಳಿ ಕೂಗಾಕೆ ಚಾರ್ಜ್ ಯಾಕ್ರೀ ಸಿಸ್ಟರ್?" ಎಂದು ಪಾತ್ರ ಗಿಟ್ಟಿಸಿಕೊಂಡಳು. ಹದಿನೈದು ದಿನ ಹಿತ್ತಲಲ್ಲಿ ತಾಲೀಮು. ನಮ್ಮ ಓಣಿಯ ಹುಂಜ ರಾಜೀನಾಮೆ ಕೊಡುವುದೊಂದು ಬಾಕಿ!

"ಕತೆ ಏನೇ ಅದು?" ಎಂದು ಕೇಳಿದೆ.

"ಪೇತ್ರನ ಗುರುಗಳನ್ನ ಹಿಡಕೊಂಡು ಹೋಗ್ತಾರೆ. ನಿಂಗೆ ಅವರು ಗೊತ್ತೇನು ಅಂತ ಜನ ಕೇಳಿದ್ರೆ ಇವನು ಹೆದರಿ ಮೂರು ಸಲ 'ಗೊತ್ತಿಲ್ಲ' ಅಂತಾನೆ. ಆಗ ನಾನು ಕೂಗಬೇಕು. ಅವನು ಅಳಬೇಕು."

"ಕೋಳಿ ಕೂಗಿದ್ರೆ ಅಳೋದ್ಯಾಕೆ?"

"ತನ್ನೋರನ್ನ ಗೊತ್ತಿಲ್ಲ ಅಂದಿದ್ದು ಆವಾಗ ಚುರ್ ಅಂತೈತೆ."

ವಾರ್ಷಿಕೋತ್ಸವದ ಮಧ್ಯಾಹ್ನ ನನ್ನ ಪಕ್ಕದಲ್ಲಿ ಅಡಿಕೆ ಮಂಡಿ ಸಾಹುಕಾರರ ಹೆಂಡತಿ. ಹಿಂದಿರುಗುವಾಗ ಕಾರಿನಲ್ಲಿ ಬಿಡುತ್ತೇನೆಂದಿದ್ದರು. ಆ ಕಾರನ್ನು ನೆನೆದೇ ನನ್ನ ಬೆನ್ನು ನೆಟ್ಟಗಾಗಿತ್ತು. ಅಷ್ಟರಲ್ಲಿ ನೀಲಿ ಸೀರೆಯ ಅಕ್ಕ ಕುರ್ಚಿ ಹೊತ್ತು ಬಂದು, "ಏ, ಆ ಕಂಬದ ಹಿಂದೆ ಏನು ಕಾಣತೈತೆ? ಮುಂದೆ ಬಂದು ಕುಂದ್ರೇ!" ಎಂದಳು.

"ಇವರು ನಿಮಗೆ ಬೇಕಾದೋರೇನ್ರಿ?" ಸಾಹುಕಾರರ ಹೆಂಡತಿ ಕೇಳಿದರು.

"ಇಲ್ರೀ, ಗೊತ್ತಿಲ್ಲ. ಸ್ಕೂಲಿನ ಆಯಾ. ಎಲ್ಲರ ಜೊತೆನೂ ಹಂಗೇ ಮಾತಾಡ್ತಾಳೆ."

ಅಕ್ಕ ಕುರ್ಚಿಯನ್ನು ಮುಂದಿನ ಸಾಲಿನಲ್ಲಿಟ್ಟು ಸೆರಗಿನಿಂದ ಧೂಳು ಒರೆಸಿ, "ಹೌದ್ರೀ, ನನ್ನ ಬಾಯಿನೇ ಹಂಗೆ. ಕುಂದ್ರಿ ಮೇಡಂ" ಎಂದು ನನಗೆ ಹೇಳಿ ಪರದೆಯ ಹಿಂದೆ ಹೋದಳು. ನಾನು ಕೂತೆ! ಹೌದು, ಕೂತೆ.

ನಾಟಕ ಶುರುವಾಯಿತು. ಪೇತ್ರ "ನನಗೆ ಗೊತ್ತಿಲ್ಲ" ಎಂದ. ಎರಡನೇ ಸಲ ಎಂದ. ಮೂರನೇ ಸಲವೂ ಹೇಳಿ ಅಳಲು ಮುಖ ಸಿದ್ಧಮಾಡಿಕೊಂಡ. ಕೋಳಿ ಇಲ್ಲ! ಪಾಪ, ನಾಲ್ಕನೇ ಸಲ "ಗೊತ್ತಿಲ್ಲ" ಎಂದ. ಐದನೇ ಸಲವೂ ಆಯಿತು. ಟೀಚರು ಪರದೆಯ ಕಡೆ ಕೈಸನ್ನೆ ಮಾಡಿ ಸೋತರು. ಹದಿನೈದು ದಿನ ಊರೆಬ್ಬಿಸಿದ ಕೋಳಿ ಉಸಿರೆತ್ತುತ್ತಿಲ್ಲ.

ಕೊನೆಗೆ ಪೇತ್ರ ಅರ್ಧ ಗಡ್ಡ ಕೈಯಲ್ಲಿ ಹಿಡಿದು, ಅಳುತ್ತಾ ಪರದೆಗೆ ತಿರುಗಿ ಕಿರುಚಿದ: "ದೊಡ್ಡಮ್ಮಾ! ಕೂಗು ದೊಡ್ಡಮ್ಮಾ!"

ಆಗ ಬಂತು ಕೂಗು. ಸಣ್ಣ, ಒಡಕು ಕೂಗು. ಜನ ಬಿದ್ದು ಬಿದ್ದು ನಕ್ಕರು. ಸಾಹುಕಾರರ ಹೆಂಡತಿ ಮಾತ್ರ ಹಿಂದಿನ ಸಾಲಿನಿಂದ ನನ್ನ ಕಡೆ ಬಾಗಿ, "ದೊಡ್ಡಮ್ಮಾನಾ?" ಎಂದರು.

ಎಲ್ಲ ಮುಗಿದ ಮೇಲೆ ಅಕ್ಕ ಒಬ್ಬಳೇ ಕುರ್ಚಿ ಜೋಡಿಸುತ್ತಿದ್ದಳು. ಗೇಟಿನ ಬಳಿ ಕಾರು ಹಾರ್ನ್ ಮಾಡಿತು. "ನೀವು ಹೋಗ್ರೀ" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿ ಹೇಳಿದೆ. "ನಮ್ಮಕ್ಕಂದು ಇನ್ನೂ ಕೆಲಸ ಐತೆ!"

ಅಕ್ಕ ತಲೆಯೆತ್ತಲಿಲ್ಲ. ನಾನು ಹೋಗಿ ಪಕ್ಕದ ಸಾಲಿನ ಕುರ್ಚಿ ಎತ್ತತೊಡಗಿದೆ. ಆ ಸಾಲು ಮುಗಿದ ಮೇಲೆ ಕೇಳಿದೆ.

"ಯಾಕಕ್ಕಾ ಕೂಗಲಿಲ್ಲ? ಮರೆತುಹೋಯ್ತಾ?"

"ಮರೆಯಾಕೆ ಅದೇನು ಏಳರ ಮಗ್ಗಿನಾ?" ಎಂದಳು. ಕೈಯಲ್ಲಿದ್ದ ಕುರ್ಚಿಯನ್ನು ಮೆಲ್ಲಗೆ ಇಳಿಸಿದಳು. "ನೀನು ಎದುರಿಗೇ ಕುಂತಿದ್ದೆಲ್ಲೇ. ನಾನು ಹೆಂಗೆ ಕೂಗ್ಲಿ?"