ವಿಶ್ವಂಭರನ ಒಪ್ಪಿಗೆ ಪತ್ರ

ಪರಿಮಳಾಗೆ ಆ ದಿನ ಬಂದ ಗಂಡಾಂತರಕ್ಕೆ ಮೂಲ, ಅವಳು ತನಗೆ ತಾನೇ ಕೊಟ್ಟುಕೊಂಡ ಒಂದು ಬಡ್ತಿ.

ಸಿದ್ದಾಪುರದ ಕಾಲೇಜೊಂದರಲ್ಲಿ ಅವಳು ಮನಃಶಾಸ್ತ್ರ ಹೇಳಿಕೊಡುತ್ತಿದ್ದಳು. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿಯೇ. ಅದೂ ಎಂಥ ಅತಿಥಿ ಎಂದರೆ, ಬಂದ ಕೂಡಲೇ ತನ್ನ ಕುರ್ಚಿಯನ್ನು ತಾನೇ ಹುಡುಕಿಕೊಳ್ಳಬೇಕಾದ ಅತಿಥಿ. ಆ ವರ್ಷ ಅವಳ ವಿಷಯಕ್ಕೆ ಸೇರಿದವರು ಹತ್ತೊಂಬತ್ತೇ ಮಕ್ಕಳು. ಇಷ್ಟು ಕಡಿಮೆ ಮಕ್ಕಳಿರುವ ವಿಷಯವನ್ನು ಇಟ್ಟುಕೊಳ್ಳುವುದೋ ಮುಚ್ಚುವುದೋ ಎಂದು ಪ್ರಾಂಶುಪಾಲರು ಮೇಲಿನವರಿಗೆ ಬರೆದು ಕಳಿಸಬೇಕಿತ್ತು. ಕಳಿಸಲು ಅಂದೇ ಕೊನೆಯ ದಿನ. ಇಟ್ಟುಕೊಳ್ಳಬೇಕು ಎನ್ನುವ ಕಾಗದ ಟೈಪಾಗಿ ಪ್ರಾಂಶುಪಾಲ ಪರಮೇಶ್ವರಪ್ಪನವರ ಮೇಜಿನ ಮೇಲೆ ಬಿದ್ದಿತ್ತು. ಅದಕ್ಕೆ ಸಹಿಯಾದರೆ ಪರಿಮಳಾ ಇನ್ನೊಂದು ವರ್ಷ ಅತಿಥಿ. ಆಗದಿದ್ದರೆ ಮನೆಯಲ್ಲಿ ಕೂತು ತನ್ನ ಮನಸ್ಸನ್ನೇ ಓದಿಕೊಂಡಿರಬೇಕು.

ಆ ಮನಸ್ಸಾದರೂ ಓದಿಸಿಕೊಳ್ಳುವಂಥದ್ದೇ! ಅಂದು ಬೆಳಿಗ್ಗೆ ಕೋಲಸಿರ್ಸಿಯ ಮನೆಗೆ ಬೀಗ ಹಾಕಿ ರಸ್ತೆಗೆ ಬಂದವಳಿಗೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎನ್ನಿಸಿತು. ಹೋಗಿ ನೋಡಿದಳು, ಬಂದಾಗಿತ್ತು. ಮತ್ತೆ ರಸ್ತೆಗೆ ಬಂದಳು. ನೋಡುವಾಗ ಕೈ ತಾಗಿ ಮತ್ತೆ ತಿರುಗಿರಬಹುದೇ? ಮತ್ತೆ ಹೋದಳು. ಮೂರನೆಯ ಸಲ ಬೀಗವನ್ನು ಎಳೆದೆಳೆದು ನೋಡುತ್ತಿದ್ದಾಗ ಬಸ್ಸು ಹಾರ್ನು ಹೊಡೆದು ಹೊರಟೇಹೋಯಿತು. ಮನಸ್ಸಿನ ಬಗ್ಗೆ ಎರಡು ಡಿಗ್ರಿ ಮಾಡಿದ ಹೆಂಗಸು ತರಕಾರಿ ಟೆಂಪೋದಲ್ಲಿ ಕ್ಯಾಬೇಜಿನ ಮೂಟೆಗೆ ಒರಗಿಕೊಂಡು ಕಾಲೇಜಿಗೆ ಬಂದಳು.

ಅಂದಿನ ಪಾಠ ಗೀಳು. ಪುಸ್ತಕದಲ್ಲಿದ್ದ ಉದಾಹರಣೆ ಯಾವುದೋ ಹಿಮ ಬೀಳುವ ದೇಶದ್ದು. ಅಲ್ಲಿಯ ಒಬ್ಬಾಕೆ ದಿನಕ್ಕೆ ಮೂವತ್ತು ಸಲ ಕೈಗವಸು ತೊಳೆಯುತ್ತಿದ್ದಳಂತೆ. ಹಿಂದಿನ ಬೆಂಚಿನ ನವೀನ, ಬೆಳಗಿನ ದೋಸೆ ಕಾಣುವಷ್ಟು ದೊಡ್ಡದಾಗಿ ಆಕಳಿಸಿದ. ಪರಿಮಳಾಗೆ ರೋಷ ಬಂತು.

"ಅದೆಲ್ಲ ಬಿಡಿ. ನಮ್ಮ ಕಡೆಯವರೇ ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಮಾತ್ರ ಬದಲಾಯಿಸುತ್ತೇನೆ. ವಿಶ್ವಂಭರ ಅಂತ ಇಟ್ಟುಕೊಳ್ಳಿ."

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲ್ಲೂಕು ಜಾಲಾಡಿದರೂ ವಿಶ್ವಂಭರ ಎನ್ನುವವನೊಬ್ಬ ಸಿಕ್ಕಲಾರ ಎಂಬುದು ಅವಳ ಧೈರ್ಯ. ತನ್ನದೇ ಕತೆ ಎಂದು ಹೇಳಲು ನಾಚಿಕೆ. ಹಾಗಾಗಿ ಹೆಂಗಸನ್ನು ಗಂಡಸು ಮಾಡಿದಳು. ಗ್ಯಾಸನ್ನು ಬಿಟ್ಟು ಬೀಗವನ್ನಷ್ಟೇ ಇಟ್ಟುಕೊಂಡಳು. ಹೇಗೂ ಕಟ್ಟುಕತೆ, ಕಂಜೂಸುತನ ಯಾಕೆಂದು ಖಾಯಂ ನೌಕರಿ ಕೊಟ್ಟಳು. ನೌಕರಿ ಕೊಟ್ಟ ಮೇಲೆ ಬಡ್ತಿಯನ್ನೂ ಕೊಟ್ಟಳು, ಒಂದು ಕಾರನ್ನೂ ಕೊಟ್ಟಳು.

"ದೊಡ್ಡ ಹುದ್ದೆಯ ಮನುಷ್ಯ. ತುಂಬ ಓದಿದವರು. ಆದರೆ ಸಂಜೆ ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡದೆ ಹೋಗಲಾರರು. ಕಾರಿನ ತನಕ ಹೋಗಿ, ಮತ್ತೆ ಬಂದು..."

ಕ್ಲಾಸು ಹೋ ಎಂದು ನಕ್ಕಿತು. ನವೀನನ ಕಣ್ಣಲ್ಲಿ ನೀರು. ಪರಿಮಳಾಗೆ ರೋಮಾಂಚನವಾಯಿತು. ಒಂಬತ್ತು ವರ್ಷದಲ್ಲಿ ಅವಳ ಪಾಠಕ್ಕೆ ಮಕ್ಕಳು ನಕ್ಕಿದ್ದು ಇದೇ ಮೊದಲು.

ಮುಂದಿನ ಬೆಂಚಿನಿಂದ ಅಭಿಜ್ಞಾ ಎದ್ದು ನಿಂತಳು. ಕ್ಲಾಸಿಗೇ ಜಾಣೆ. ಟೀಚರಾದವರು ದೇವರಲ್ಲಿ ಬೇಡಿಕೊಂಡು ಪಡೆದು, ಆಮೇಲೆ ಪರಿತಪಿಸುವಂಥ ವಿದ್ಯಾರ್ಥಿನಿ.

"ಮೇಡಂ, ಯಾರದ್ದಾದ್ರೂ ವಿಷಯ ಹೇಳ್ಬೇಕಾದ್ರೆ ಅವ್ರ ಒಪ್ಪಿಗೆ ಬೇಕು ಅಂತ ಹೋದ ವಾರ ನೀವೇ ಹೇಳಿದ್ರಿ. ವಿಶ್ವಂಭರ ಅವ್ರ ಒಪ್ಪಿಗೆ ತಗಂಡಿದ್ರಾ?"

"ಹ್ಞಾಂ... ತಗೊಂಡಿದ್ದೇನೆ."

"ಬರವಣಿಗೆಯಲ್ಲಾ?"

"ಬರವಣಿಗೆಯಲ್ಲೇ," ಎಂದಳು ಪರಿಮಳಾ. ಗಂಟೆ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಇತಿಹಾಸದ ಪ್ರಮೋದ ಅವಳಿಗೆ ಕಾದು ಕೂತಿದ್ದ. ಸಂಬಂಧದಲ್ಲಿ ಮೈದುನ, ಹಾಗಾಗಿ ಇಬ್ಬರ ನಡುವೆ ಮನೆಯ ಹವ್ಯಕ ಮಾತೇ. ನೂರಾರು ವರ್ಷ ಹಿಂದಿನ ಬಿಳಗಿ ಅರಸರ ಸುದ್ದಿಗಿಂತ ಹತ್ತು ನಿಮಿಷ ಹಿಂದಿನ ಸುದ್ದಿಯಲ್ಲಿ ಅವನಿಗೆ ಹೆಚ್ಚು ಆಸಕ್ತಿ.

"ಎಂತದೇ ಅತ್ಗೆ, ಸಾಹೇಬ್ರ ಮರ್ಯಾದೆ ತೆಗೆದ್ಯಡಲೆ?"

"ಯಾವ ಸಾಹೇಬ್ರು? ಆನು ಎಂತದೂ ಹೇಳಿದ್ನಿಲ್ಲೆ."

"ದೊಡ್ಡ ಹುದ್ದೆ, ಕಾರು, ಬೀಗ ಮೂರ್ ಸಲ ಎಳೆಯದು. ಈ ಕಾಲೇಜಲ್ಲಿ ಮತ್ಯಾರಿದ್ದ ಹಾಂಗೆ?"

ಪರಿಮಳಾಗೆ ಆಗ ಹೊಳೆಯಿತು. ಹೌದಲ್ಲ! ಪರಮೇಶ್ವರಪ್ಪನವರು ದಿನಾ ಸಂಜೆ ಚೇಂಬರಿನ ಬೀಗವನ್ನು ಎಮ್ಮೆಯ ಹಗ್ಗ ಜಗ್ಗಿದಂತೆ ಜಗ್ಗುವುದನ್ನು ಅವಳೂ ನೋಡಿದ್ದಳು. ತನ್ನ ರೋಗದಲ್ಲೇ ಮುಳುಗಿದವಳಿಗೆ ಬೇರೆಯವರದ್ದು ನೆನಪಾಗಿರಲಿಲ್ಲ. ತಾನು ಕೊಟ್ಟುಕೊಂಡ ಬಡ್ತಿ ನೇರವಾಗಿ ಹೋಗಿ ಅವರ ಕುರ್ಚಿಯಲ್ಲಿ ಕೂತಿತ್ತು.

"ತಮಾ, ಈಗ ಎಂತ ಮಾಡವು?"

"ಅದು ಬೇರೆ ಯಾರೋ ಹೇಳಿ ಹೇಳ್ಬಿಡು. ಸಣ್ಣ ನೌಕರಿಯವ ಹೇಳು. ಮುಗತ್ತು."

ಎರಡನೆಯ ಪೀರಿಯಡ್ಡೂ ಅದೇ ಕ್ಲಾಸು. ಪರಿಮಳಾ ಒಳಗೆ ಕಾಲಿಟ್ಟವಳೇ ವಿಶ್ವಂಭರನ ನೌಕರಿ ಕಿತ್ತುಕೊಂಡಳು. "ನೋಡಿ, ಅವರು ಕಾಲೇಜಿನವರಲ್ಲ. ಕಾರೂ ಇಲ್ಲ. ಊರಿಗೆ ನೀರು ಬಿಡುವ ಕೆಲಸದವರು ಅಂದುಕೊಳ್ಳಿ."

"ಬೀರಣ್ಣ!" ಎಂದ ನವೀನ.

ಕಾಲೇಜಿನ ಕ್ಯಾಂಟೀನು ನಡೆಸುವ ದೇವಿಯ ಗಂಡ ಬೀರ. ಊರಿನ ನೀರಿನ ಟ್ಯಾಂಕಿನ ವಾಲ್ವು ತಿರುಗಿಸುವವನು. ಪರಿಮಳಾ ಅವನನ್ನು ನೆನೆದೂ ಇರಲಿಲ್ಲ. ಆದರೆ ಇಂಥ ಊರಿನಲ್ಲಿ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುವುದು ಎಷ್ಟು ಕಷ್ಟ! ಯಾರನ್ನು ಹುಟ್ಟಿಸಿದರೂ ಅವನು ಮೊದಲೇ ಇಲ್ಲಿ ಹುಟ್ಟಿ, ಮದುವೆಯಾಗಿ, ಮಕ್ಕಳ ತಂದೆಯಾಗಿರುತ್ತಾನೆ.

"ಪಾಪ, ಮೇಡಂ ಸಾಹೇಬ್ರನ್ನ ಉಳಿಸ್ಲಿಕ್ಕೆ ಬೀರಣ್ಣನ ತಲೆಗೆ ಕಟ್ತಿದ್ರು," ಎಂದು ಯಾರೋ ಪಿಸುಗುಟ್ಟಿದ್ದು ಕರಿಹಲಗೆಯ ತನಕ ಕೇಳಿತು.

ಮಧ್ಯಾಹ್ನ ಕ್ಯಾಂಟೀನಿನ ಕಡೆ ತಲೆ ಹಾಕಬಾರದೆಂದಿದ್ದಳು. ಆದರೆ ಬೆಳಿಗ್ಗೆ ಬೀಗ ನೋಡುವ ಗಡಿಬಿಡಿಯಲ್ಲಿ ಊಟದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ದೇವಿ ಸೌಟು ಹಿಡಿದೇ ಹೊರಗೆ ಬಂದಳು.

"ಟೀಚರಮ್ಮ, ನಮ್ಮನೆಯವ್ರ ವಿಷ್ಯ ಪಾಠದಲ್ಲಿ ಹೇಳಿದ್ರಂತೆ?"

"ಅಯ್ಯೋ ಇಲ್ಲ ದೇವಿ, ಅದು..."

"ಹೇಳಿದ್ರೆ ಹೇಳಿ ಮಾರಾಯ್ರೆ, ಸರಿಯಾಗಿ ಹೇಳಿ. ಮೂರು ಸಲ ಯಾರ್ ಹೇಳಿದ್ರು ನಿಮ್ಗೆ? ಏಳು ಸಲ ಹೋಗ್ತಾರೆ. ವಾಲ್ವು ತಿರುಗ್ಸಿ ಬರೋದು, ಉಣ್ಣೋಕೆ ಕೂರೋದು, ಅರ್ಧ ಊಟದಲ್ಲಿ ಎದ್ದು ಓಡೋದು. ನಮ್ಮನೇಲಿ ಬಿಸಿ ಸಾರು ಉಂಡವ್ರೇ ಇಲ್ಲ." ದೇವಿ ದನಿ ತಗ್ಗಿಸಿದಳು. "ಔಷಧಿ ಎಂತದು, ಬರ್ಕೊಡಿ."

"ನಾನು ಔಷಧಿ ಕೊಡುವವಳಲ್ಲ ದೇವಿ. ಪಾಠ ಮಾಡುವವಳು."

"ರೋಗದ ಹೆಸರು ಗೊತ್ತುಂಟು, ಔಷಧಿ ಗೊತ್ತಿಲ್ವಾ? ಮತ್ತೆ ಎಂತ ಓದಿದ್ರಿ ಅಷ್ಟು ವರ್ಷ?"

ಪರಿಮಳಾಗೂ ಈ ಸಂಶಯ ಆಗಾಗ ಬರುತ್ತಿತ್ತು. ಶಿರಸಿಯಲ್ಲಿ ಇಂಥದ್ದಕ್ಕೆ ಡಾಕ್ಟರಿದ್ದಾರೆ, ಕರೆದುಕೊಂಡು ಹೋಗು ಎಂದಳು. ಅಷ್ಟರಲ್ಲಿ ಅವಳ ಹಿಂದೆ ಸಾಲು ಬೆಳೆದಿತ್ತು. ಆಫೀಸಿನ ಗುಮಾಸ್ತನಿಗೆ ಫ್ಯಾನು ಬೀಳುವ ಹೆದರಿಕೆ. ನವೀನನಿಗೆ ಪರೀಕ್ಷೆ ಎಂದರೆ ಹೊಟ್ಟೆನೋವು. ಅದನ್ನು ಸರ್ಟಿಫಿಕೇಟಿನಲ್ಲಿ ಬರೆದುಕೊಡಲು ಬರುತ್ತದೆಯೇ ಎಂದು ಕೇಳಲು ಬಂದಿದ್ದ. ಪರಿಮಳಾ ಅರ್ಧ ಇಡ್ಲಿಯನ್ನು ಅಲ್ಲೇ ಬಿಟ್ಟು ಎದ್ದಳು. ಮಧ್ಯಾಹ್ನದ ಕ್ಲಾಸುಗಳನ್ನು ಮುಗಿಸಿ ಬರುವಷ್ಟರಲ್ಲಿ ಮೂರೂವರೆ ದಾಟಿತ್ತು. ಆಗ ಕರೆ ಬಂತು: ಸಾಹೇಬರು ಕರೀತಿದ್ದಾರೆ.

"ಬರ್ರಿ ಮೇಡಂ, ಕೂಡ್ರಿ," ಎಂದರು ಪರಮೇಶ್ವರಪ್ಪನವರು. ಹಾವೇರಿ ಕಡೆಯ ಮನುಷ್ಯ. ಗಟ್ಟಿ ದನಿ. ಆ ಹೊತ್ತಿಗೆ ಮಾತ್ರ ದನಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಅವಳ ಕಾಗದ ಮೇಜಿನ ಮೇಲಿತ್ತು. ಪೆನ್ನು ಮುಚ್ಚಿತ್ತು.

"ಮಧ್ಯಾಹ್ನ ಊಟಕ್ಕಂತ ಬೀಗಾ ಹಾಕಿದ್ನಿರಿ. ಒಮ್ಮೆ ಜಗ್ಗಿದೆ. ಮೆಟ್ಟಿಲ ಮ್ಯಾಲಿಂದ ಹುಡುಗೂರು 'ಒಂದು' ಅಂದ್ರು. ಎರಡನೇ ಸಲ ಜಗ್ಗಿದೆ. 'ಎರಡು' ಅಂದ್ರು. ಮೂರನೇದು ಹೆಂಗ ಜಗ್ಗಲಿ ಹೇಳ್ರಿ? ಎರಡಕ್ಕ ಬಿಟ್ಟು ಹೋದೆ. ರೊಟ್ಟಿ ಗಂಟಲದಾಗ ಇಳೀಲಿಲ್ಲ ನೋಡ್ರಿ."

ಪರಿಮಳಾ ತಲೆ ತಗ್ಗಿಸಿದಳು. ಪಾಠದ ಪುಸ್ತಕದಲ್ಲಿ 'ಹೆಸರು ಬದಲಾಯಿಸಬೇಕು' ಎಂದು ಒಂದೇ ಸಾಲಿನಲ್ಲಿ ಬರೆದಿತ್ತು. ಹೆಸರು ಬದಲಾಯಿಸಿದರೂ ಒಬ್ಬರ ರೊಟ್ಟಿ ಗಂಟಲಲ್ಲೇ ನಿಲ್ಲಬಹುದು ಎಂದು ಅದರಲ್ಲಿ ಬರೆದಿರಲಿಲ್ಲ.

"ಸರ್, ದೇವರಾಣೆ ಅದು ನಿಮ್ಮ ವಿಷಯ ಅಲ್ಲ."

"ಮತ್ತ ಯಾರದು?"

"ಅದು... ಹೇಳುವ ಹಾಗಿಲ್ಲ ಸರ್."

"ಬರವಣಿಗಿ ಒಪ್ಪಿಗಿ ತಗೊಂಡೀನಿ ಅಂದೀರಂತ. ತೋರಸ್ರಿ. ನಾಕು ಗಂಟೆ ಒಳಗ ಆ ಪತ್ರ ಬಂತಂದ್ರ ಈ ಕಾಗದಕ್ಕ ಸಹಿ. ಇಲ್ಲಾಂದ್ರ ನನ್ನ ಮೂರನೇ ಜಗ್ಗು ಕಸಗೊಂಡ ವಿಷಯ ಈ ಕಾಲೇಜಿಗೆ ಬ್ಯಾಡ."

ಗಡಿಯಾರದಲ್ಲಿ ಮೂರೂ ಮುಕ್ಕಾಲು. ಪರಿಮಳಾ ಅವರ ಮೇಜಿನಿಂದಲೇ ಒಂದು ಬಿಳಿ ಹಾಳೆ ತೆಗೆದುಕೊಂಡಳು. ಬರೆದಳು: 'ನನ್ನ ಗೀಳಿನ ವಿವರಗಳನ್ನು ತರಗತಿಯಲ್ಲಿ ವಿಶ್ವಂಭರ ಎಂಬ ಹೆಸರಿನಲ್ಲಿ ಹೇಳಲು ನನ್ನ ಒಪ್ಪಿಗೆ ಇರುತ್ತದೆ.' ಕೆಳಗೆ ಸಹಿ ಹಾಕಿದಳು. ಹಾಳೆಯನ್ನು ತಿರುಗಿಸಿ ಅವರ ಮುಂದೆ ಸರಿಸಿದಳು.

ಪರಮೇಶ್ವರಪ್ಪನವರು ಸಹಿಯನ್ನು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ನೀವಽ?"

"ನಾನೇ ಸರ್." ಗ್ಯಾಸು, ಬೀಗ, ತಪ್ಪಿದ ಬಸ್ಸು, ಕ್ಯಾಬೇಜಿನ ಮೂಟೆ, ಎಲ್ಲವನ್ನೂ ಹೇಳಿಬಿಟ್ಟಳು. ಪಾಠ ಮಾಡುವವಳಿಗೇ ರೋಗವಿದ್ದರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ?

ಸಾಹೇಬರು ಮುಂದಕ್ಕೆ ಬಾಗಿದರು. "ದಿನಾ ಹಿಂಗನಽ?"

"ದಿನಾ ಸರ್."

"ಒಂದ ದಿನಾನೂ ನೋಡದಽ ಹೋಗಿಲ್ಲ?"

"ಹೋಗಲು ಆಗುವುದೇ ಇಲ್ಲ ಸರ್."

"ಬಸ್ಸು ತಪ್ಪಿದ್ರೂ?"

"ತಪ್ಪಿದರೂ."

ಅವರ ಮುಖ ನಿಧಾನವಾಗಿ ಅರಳಿತು. ಪೆನ್ನು ತೆರೆದು ಅವಳ ಕಾಗದಕ್ಕೆ ದೊಡ್ಡದಾಗಿ ಸಹಿ ಹಾಕಿದರು. ಪರಿಮಳಾಗೆ ಅಳು ಬರುವಷ್ಟು ಸಂತೋಷವಾಯಿತು. ನಿಜ ಹೇಳಿದರೆ ಇಷ್ಟು ಸುಲಭ ಎಂದು ಗೊತ್ತಿದ್ದರೆ ಬೆಳಿಗ್ಗೆಯೇ ಹೇಳಬಹುದಿತ್ತು. ಕೈ ಮುಗಿದು ಎದ್ದಳು.

"ನಿಂದರ್ರಿ," ಎಂದು ಸಾಹೇಬರು ಮೇಜಿನ ಡ್ರಾ ಎಳೆದರು. ಎರಡೂ ಕೈಯಿಂದ ಎತ್ತಿ, ತೆಂಗಿನಕಾಯಿಯಷ್ಟು ದೊಡ್ಡ ಬೀಗದಕೈ ಗೊಂಚಲನ್ನು ಅವಳ ಮುಂದೆ ಇಟ್ಟರು.

"ಹನ್ನೊಂದು ವರ್ಷ ಆತ್ರಿ, ಅಟೆಂಡರ್ ರಿಟೈರಾದ ಮ್ಯಾಲೆ ಇವು ನನ್ನ ಹಂತೇಲೇ ಅದಾವ. ಲ್ಯಾಬು, ಲೈಬ್ರರಿ, ಪ್ರಶ್ನೆಪತ್ರಿಕಿ ಕೋಣಿ, ಗೇಟು, ಈ ಚೇಂಬರು, ಎಲ್ಲಾ. ಯಾರ ಕೈಗೂ ಕೊಡಾಕ ಧೈರ್ಯ ಬಂದಿದ್ದಿಲ್ಲ. ಹಾಕೇನಿ ಅಂತಾರ, ಹೊಳ್ಳಿ ನೋಡಂಗಿಲ್ಲ. ನಿಮ್ಮಂಥವ್ರು ಸಿಗಬೇಕಲ್ಲ! ಇವತ್ತಿಂದ ಇವು ನಿಮ್ಮವು."

"ಸರ್, ನನಗೆ ಇರುವ ಒಂದು ಬೀಗವೇ..."

"ಕಾಗದದಾಗ ಬರದಽಬಿಡ್ತೀನಿ," ಎಂದು ಅವರು ಸಹಿಯ ಮೇಲ್ಗಡೆ ಒಂದು ಸಾಲು ಸೇರಿಸಿದರು. 'ಹೆಚ್ಚುವರಿ ಜವಾಬ್ದಾರಿಯ ಷರತ್ತಿನ ಮೇರೆಗೆ.'

ಐದು ಗಂಟೆಗೆ ಪರಮೇಶ್ವರಪ್ಪನವರು ಚೇಂಬರಿನಿಂದ ಹೊರಗೆ ಬಂದರು. ಮೆಟ್ಟಿಲ ಮೇಲೆ ಹುಡುಗರು ಎಣಿಸಲು ಸಿದ್ಧರಾಗಿದ್ದರು. ಅವರು ಬಾಗಿಲ ಕಡೆ ತಿರುಗಿಯೂ ನೋಡದೆ, ಸಣ್ಣಗೆ ಶಿಳ್ಳೆ ಹಾಕುತ್ತ ಕಾರು ಹತ್ತಿ ಹೋದರು.

ಪರಿಮಳಾ ಬೆರಗಾಗಿ ನಿಂತಳು. ಕಲಿಸಿದ್ದೂ ಕಲಿತದ್ದೂ ಸೇರಿ ಹದಿನಾಲ್ಕು ವರ್ಷದಲ್ಲಿ ಅವಳಿಂದ ಗುಣವಾದ ಮೊದಲ ಮನುಷ್ಯ. ನಾಳೆ ಕ್ಲಾಸಿನಲ್ಲಿ ಹೇಳಲು ಇದಕ್ಕಿಂತ ಚಂದದ ಉದಾಹರಣೆ ಇನ್ನೊಂದಿಲ್ಲ. ಆದರೆ ಅವರ ಒಪ್ಪಿಗೆಯಿಲ್ಲದೆ ಹೇಳುವ ಹಾಗಿಲ್ಲ.

ಅವಳು ಎಲ್ಲ ಬೀಗ ಹಾಕಿ ಬರುವಷ್ಟರಲ್ಲಿ ಗೇಟಿನ ಹೊರಗೆ ಪ್ರಮೋದ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಅತ್ಗೇ, ಹತ್ತು. ಬಸ್‌ಸ್ಟ್ಯಾಂಡಿಗೆ ಬಿಡ್ತೆ. ಕಡೇ ಬಸ್ಸು ಹೊಂಟೋಗ್ತು."

ಪರಿಮಳಾ ಒಂದು ಕಾಲನ್ನು ಬೈಕಿನ ಫುಟ್‌ರೆಸ್ಟಿನ ಮೇಲಿಟ್ಟಳು. ಲ್ಯಾಬಿನ ಹಿಂಬಾಗಿಲು ಹಾಕಿದೆನೋ ಇಲ್ಲವೋ? ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು.

"ನೀ ಹೋಗು ತಮಾ. ಆನು ನೋಡ್ಕ್ಯಂಡು ಬತ್ತೆ."