ಜೋಡಿ ಸರ್ವರ್‌ಗೆ ಒಂದೇ ಹಗೇವು

ದುರುಗೇಶ ಮಾಡಿದ ತಪ್ಪು ಒಂದೇ. ಸರ್ವರ್ ಅಂದರೆ ಏನು ಎಂದು ಅಧ್ಯಕ್ಷರು ಕೇಳಿದಾಗ ಅವರಿಗೆ ಅರ್ಥವಾಗುವ ಹಾಗೆ ಉತ್ತರ ಕೊಟ್ಟುಬಿಟ್ಟ.

"ಇವೆರಡೂ ಅಣ್ಣತಮ್ಮ ಇದ್ದಂಗ್ರಿ ಯಜಮಾನ್ರ. ಅಣ್ಣ ಮಲಗಿದ್ರ ತಮ್ಮ ಎದ್ದು ಕೆಲಸ ನಡೆಸ್ತಾನ. ಇವತ್ತು ಬಂದೈತಲ್ಲ ಈ ಡಬ್ಬಿ, ಇದು ನೆಲದಾಗ ಕಾಳು ತುಂಬಿಡೋ ಹಗೇವು ಇದ್ದಂಗ, ಇಬ್ಬರಿಗೂ ಸೇರಿದ್ದು. ಕಾಳಿನ ಬದಲಿ ಇದರಾಗ ಲೆಕ್ಕದ ಕುರಿ ಇರ್ತಾವ."

ಹಗರಿಬೊಮ್ಮನಹಳ್ಳಿ ಕುರಿ ಸಾಕಣೆದಾರರ ಸಂಘದ ಅಧ್ಯಕ್ಷ ಮೈಲಾರಲಿಂಗಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ಕಂಪ್ಯೂಟರಿನ ವಿಷಯದಲ್ಲಿ ಅವರಿಗೆ ಏನೂ ಗೊತ್ತಿರಲಿಲ್ಲ. ಅಣ್ಣತಮ್ಮಂದಿರ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಕೂಡ್ಲಿಗಿಯಿಂದ ಹಿರೇಹಡಗಲಿಯವರೆಗೆ ಎಷ್ಟೋ ಮನೆಗಳ ಪಾಲು ಹಂಚಿ, ಅಂಗಳದ ನಡುವೆ ಗೋಡೆ ಎಬ್ಬಿಸಿ, ಊಟ ಮಾಡಿಕೊಂಡು ಬಂದವರು.

"ಪಾಲು ಆಗೈತೇನು?" ಎಂದರು.

"ಪಾಲು ಮಾಡಬಾರದ್ರಿ. ಡಬ್ಬಿ ಇಬ್ಬರದೂ ಹೌದು, ಆದ್ರ ಒಂದು ಸಲಕ್ಕ ಒಬ್ಬನೇ ಮುಚ್ಚಳ ತೆಗೀಬೇಕು. ಇನ್ನೊಬ್ಬ ಸುಮ್ಮನ ಕಾಯ್ಕೊಂಡಿರಬೇಕು."

"ಅಣ್ಣ ಉಣ್ಣೋದು, ತಮ್ಮ ನೋಡ್ಕೊಂತ ಕೂಡೋದು. ಯಾವ ಊರಿನ ನ್ಯಾಯಲೇ ಇದು?"

ದುರುಗೇಶನಿಗೆ ವಾದ ಮಾಡುತ್ತ ನಿಲ್ಲುವಷ್ಟು ಹೊತ್ತಿರಲಿಲ್ಲ. ಐದು ತಾಲ್ಲೂಕುಗಳ ಕುರಿಗಳ ಕಿವಿಯೋಲೆ ನಂಬರೆಲ್ಲ ಆ ಯಂತ್ರದಲ್ಲಿದ್ದವು. ಹಳೆಯ ಡಿಸ್ಕು ತುಂಬಿ, ಸೋಮವಾರದಿಂದ ಹುಟ್ಟಿದ ಒಂದು ಮರಿಯನ್ನೂ ಅದು ಒಪ್ಪಿಕೊಂಡಿರಲಿಲ್ಲ. ಸಂಜೆ ನಾಲ್ಕಕ್ಕೆ ನಿರ್ದೇಶಕರ ಸಭೆ. ಆರು ವರ್ಷದಿಂದ ಸಂಘದ ಕಂಪ್ಯೂಟರ್ ನೋಡಿಕೊಂಡು ತಾತ್ಕಾಲಿಕವಾಗಿಯೇ ಉಳಿದಿದ್ದ ದುರುಗೇಶನನ್ನು ಕಾಯಂ ಮಾಡುವ ವಿಷಯ ಅಲ್ಲೇ ತೀರ್ಮಾನವಾಗಬೇಕಿತ್ತು. "ನಾಲ್ಕು ಗಂಟಿ ಒಳಗ ಯಂತ್ರ ನಡೆದ್ರ ನೀನು ಪರ್ಮನೆಂಟ್" ಎಂದು ಅಧ್ಯಕ್ಷರೇ ಮಾತು ಕೊಟ್ಟಿದ್ದರು.

ಹೊಸ ಡಿಸ್ಕಿನ ಡಬ್ಬಿಗೆ ಭಂಡಾರದ ಅರಿಸಿನ ಹಚ್ಚಿ ಕಾಯಿ ಒಡೆದದ್ದಾಯಿತು. ಕಾಯಿನೀರು ವೈರಿನ ಮೇಲೆ ಬೀಳದಂತೆ ದುರುಗೇಶ ಎರಡೂ ಕೈ ಅಡ್ಡ ಹಿಡಿದು, ತಾನೇ ತೀರ್ಥ ಸ್ನಾನ ಮಾಡಿಕೊಂಡ. ಒಂದು ಕೇಬಲ್ ಅಣ್ಣನಿಗೆ, ಒಂದು ತಮ್ಮನಿಗೆ ಸಿಕ್ಕಿಸಿದ. ಅಣ್ಣನ ಕಡೆಯಿಂದ ಡಬ್ಬಿಯನ್ನು ಹಸನು ಮಾಡಿ, ಹಳೆಯ ಡಿಸ್ಕಿನ ಕುರಿಗಳ ನಕಲನ್ನು ಅದರೊಳಗೆ ಬಿಡತೊಡಗಿದ. ಎಲ್ಲ ಬಂದಮೇಲೆ, ಒಬ್ಬ ತೆರೆದಾಗ ಇನ್ನೊಬ್ಬನನ್ನು ತಡೆಯುವ ಬೀಗವನ್ನು ಕಂಪ್ಯೂಟರಿನಲ್ಲೇ ಹಾಕುವುದು. ಆಮೇಲೆ ಇಬ್ಬರೂ ಒಟ್ಟಿಗೆ ಕೈ ಹಾಕುವ ಭಯವಿಲ್ಲ. ಅಲ್ಲಿಯವರೆಗೆ ಯಾರೂ ಏನೂ ಮುಟ್ಟಬಾರದು.

"ಯಾರೂ ಮುಟ್ಟಬ್ಯಾಡ್ರಿ" ಎಂದು ಅವನು ಹೇಳಿದ್ದು ಅಂಜಿನಿಗೆ. ಅಂಜಿನಿ ಅಧ್ಯಕ್ಷರ ಸೋದರಳಿಯ. ಕೆಲಸ ಕಲಿಯಲೆಂದು ತಿಂಗಳಿನಿಂದ ಬರುತ್ತಿದ್ದ; ಇಲ್ಲಿಯವರೆಗೆ ದುರುಗೇಶನ ಕುರ್ಚಿಯಲ್ಲಿ ಕೂರುವುದನ್ನು ಚೆನ್ನಾಗಿ ಕಲಿತಿದ್ದ.

ಅಷ್ಟರಲ್ಲಿ ಹೊರಗೆ ಗದ್ದಲವಾಯಿತು. ಕೋಗಳಿಯ ಭರಮಮ್ಮ ಎರಡು ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಕಿಟಕಿಯ ಮುಂದೆ ನಿಂತಿದ್ದಳು.

"ಮೂರನೇ ಸಲ ಬಂದೀನಪ್ಪ. ನಿಮ್ಮ ಯಂತ್ರ ಒಪ್ಪೋತನಕ ಈ ಮರಿ ಹುಟ್ಟಿಲ್ಲ ಅಂತ ತಿಳ್ಕೊಬೇಕೇನು? ಹಾಲಂತೂ ಕುಡಿಯಾಕತ್ಯಾವು!"

ಅವಳನ್ನು ಸಮಾಧಾನ ಮಾಡಲು ಹತ್ತು ನಿಮಿಷ ಹಿಡಿಯಿತು. ದುರುಗೇಶ ಒಳಗೆ ಬಂದಾಗ ಮಾವ ಅಳಿಯ ಇಬ್ಬರೂ ತಮ್ಮನ ಪರದೆಯ ಮುಂದೆ ಕೂತು, ಗಂಡು ಗೊತ್ತುಮಾಡಿ ಬಂದವರಂತೆ ನಗುತ್ತಿದ್ದರು.

"ನ್ಯಾಯ ಮುಗಿಸಿದ್ವಿ ದುರುಗೇಶಾ," ಎಂದರು ಅಧ್ಯಕ್ಷರು. "ಇದಕ್ಕೂ ಅರ್ಧಾ ಬರ್ಕೊಟ್ವಿ."

"ಹೊಸ ಡಿಸ್ಕ್ ಕಾಣಸ್ತೈತಿ, ಸಿದ್ಧ ಮಾಡಲೇನು ಅಂತ ಕೇಳ್ತಣ್ಣ," ಎಂದ ಅಂಜಿನಿ. "ಪಾಪ, ತಾನಾಗೇ ಕೇಳಿದಾಗ ಇಲ್ಲ ಅನ್ನಾಕ ಮನಸ್ಸು ಬರಲಿಲ್ಲ."

ದುರುಗೇಶ ಅಣ್ಣನ ಪರದೆ ನೋಡಿದ. ಹಳ್ಳದ ದಂಡೆಯಲ್ಲಿ ಇಬ್ಬರು ಕುರುಬರ ಹಿಂಡು ಒಂದರೊಳಗೊಂದು ನುಗ್ಗಿದಂತೆ ಆಗಿತ್ತು. ಹರಪನಹಳ್ಳಿಯ ಟಗರು ಕೊಟ್ಟೂರಿನಲ್ಲಿ ಮರಿ ಹಾಕಿತ್ತು. ಹೊಳಲಿನ ಕುರಿಯೊಂದಕ್ಕೆ ನಾನೂರು ವರ್ಷ ವಯಸ್ಸಾಗಿತ್ತು.

"ಯಜಮಾನ್ರ, ಇದಕ್ಕೇ ನಾ ಹೇಳಿದ್ದು! ಇಬ್ಬರೂ ಒಮ್ಮೆಲೆ ಕೈ ಹಾಕಿದ್ರ ಎಲ್ಲಾ ಕೆಡ್ತೈತಿ!"

ಅಧ್ಯಕ್ಷರು ಮೊದಲ ಸಲ ಗಂಭೀರವಾದರು. "ಪಾಲು ಹಾಕಿದ್ರ ಕೆಡೋ ಆಸ್ತಿನೂ ಐತಿ ಅಂದಂಗಾತು" ಎಂದು ಗೊಣಗಿ, ಯೋಚನೆ ಮಾಡುತ್ತ ಹೊರಗೆ ಹೋದರು.

ಹಳೆಯ ಡಿಸ್ಕಿನಲ್ಲಿ ಮೂಲ ಹಾಗೇ ಇತ್ತು. ಅದೊಂದೇ ಪುಣ್ಯ. ದುರುಗೇಶ ಊಟ ಬಿಟ್ಟು, ಅಂಜಿನಿಯನ್ನು ಚಹಾ ತರಲು ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ ಬೀಗ ಬಿತ್ತು.

ನಿರ್ದೇಶಕರೆಲ್ಲ ಬಾಗಿಲಲ್ಲಿ ಕಿಕ್ಕಿರಿದರು. ದುರುಗೇಶ ಭರಮಮ್ಮನ ಮೊದಲ ಮರಿಯನ್ನು ದಾಖಲು ಮಾಡಿ, ಅಣ್ಣನನ್ನು ಮಲಗಿಸಿ ತೋರಿಸಲೆಂದು ಅವನ ಕರೆಂಟಿನ ವೈರನ್ನು ಸರಕ್ಕನೆ ಕಿತ್ತ. ಯಾರೋ "ಅಯ್ಯಯ್ಯೋ" ಎಂದರು. ಎರಡು ಉಸಿರಿನಷ್ಟು ಹೊತ್ತು ಪರದೆ ಸುಮ್ಮನಿತ್ತು. ಆಮೇಲೆ ತಮ್ಮ ಎದ್ದು, ಅದೇ ಡಬ್ಬಿಯಿಂದ ಮೊದಲ ಮರಿಯನ್ನು ತೋರಿಸಿ, ಎರಡನೆಯದಕ್ಕೆ ನಂಬರು ಕೊಟ್ಟ.

"ಅಂತೂ ಹುಟ್ಟಿದ್ವಪ್ಪ!" ಎಂದಳು ಭರಮಮ್ಮ ಕಿಟಕಿಯಿಂದ. ಚಪ್ಪಾಳೆ ಬಿತ್ತು.

ಸಭೆಯ ಬಾಗಿಲು ಮುಚ್ಚಿತು. ದುರುಗೇಶ ಹೊರಗಿನ ಬೆಂಚಿನ ಮೇಲೆ ಕೂತು, ಕಾಯಂ ಆದವರು ಹೇಗೆ ಕೂರುತ್ತಾರೋ ಹಾಗೆ ಕಾಲ ಮೇಲೆ ಕಾಲು ಹಾಕಿ ನೋಡಿದ. ಸರಿಹೋಗಲಿಲ್ಲ, ಇಳಿಸಿದ.

ಅರ್ಧ ಗಂಟೆಗೆ ಅಧ್ಯಕ್ಷರು ಹೊರಬಂದರು. "ಹುದ್ದೆ ಮಂಜೂರಾತು ತಮ್ಮಾ!"

ದುರುಗೇಶ ಕಾಲಿಗೆ ಬಗ್ಗಿದ.

"ತಡಿ, ಪೂರ್ತಿ ಕೇಳು. ಹುದ್ದೆ ಒಂದ, ಮಂದಿ ಇಬ್ಬರು. ನೀನು, ನಮ್ಮ ಅಂಜಿನಿ. ನಿನ್ನೆ ಆಗಿದ್ರ ಅರ್ಧಾ ಅರ್ಧಾ ಮಾಡ್ತಿದ್ದೆ. ಇವತ್ತು ನೀನ ನನ್ನ ಕಣ್ಣು ತೆರಸಿದಿ. ಕುರ್ಚಿ ನಿಮ್ಮಿಬ್ಬರಿಗೂ ಸೇರಿದ್ದು, ಆದ್ರ ಒಂದು ಸಲಕ್ಕ ಒಬ್ಬ ಕೂಡಬೇಕು. ಅವ ಆಗಲೇ ಕೂತಾನ. ಅವ ಎದ್ದ ಕ್ಷಣ ನೀನು."

ಬಗ್ಗಿದವನು ಅಲ್ಲಿಂದಲೇ ಕೇಳಿದ: "ಅವ ಯಾವಾಗ ಏಳ್ತಾನ್ರಿ?"

"ಅರವತ್ತಕ್ಕ ರಿಟೈರ್ ಅಲ್ಲೇನು? ಈಗ ಇಪ್ಪತ್ತಾರು ಅವನಿಗೆ." ಅಧ್ಯಕ್ಷರು ಹೆಮ್ಮೆಯಿಂದ ಮೀಸೆ ತೀಡಿದರು. "ನಮ್ಮ ಅಳಿಯ ಅಂತ ಹೇಳಾಕತ್ತಿಲ್ಲ. ಹುಟ್ಟಿದಾಗಿಂದ ಒಂದು ದಿನ ತಲಿನೋವು ಅಂದವನಲ್ಲ."